ಊರಿನ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ್ ಇಲ್ಲದಿದ್ದರೆ ಆರೋಗ್ಯ ಸಚಿವರು ಯಾರಿಗೆ ಉತ್ತರ ಕೊಡಬೇಕು?

ನೀವು ಯಾದಗಿರಿ ಕಡೆಯ ಪಿಎಚ್‌ಸಿ ಬಗ್ಗೆ ಕೇಳಿದ್ದೀರಿ. ಸಚಿವರು ಮೊದಲು ಉತ್ತರ ಕೊಡಬೇಕಾದದ್ದು ಸದನಕ್ಕೆ. ಶಾಸಕರು ಕೇಳಿದ ಚುಕ್ಕೆ ಗುರುತಿನ ಪ್ರಶ್ನೆ ಚರ್ಚೆಗೆ ಬಂದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು. ಅಲ್ಲೇ ಉಪಪ್ರಶ್ನೆಯೂ ಬರುತ್ತದೆ. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಸಿಗುತ್ತದೆ. ನನ್ನ ಪ್ರಕಾರ ಜನರಿಗೆ ಇದೇ ಜಾಸ್ತಿ ಉಪಯೋಗ. ಸರಿಯಾಗಿ ಕೇಳಿದರೆ ಉತ್ತರದ ಜೊತೆ ಅನುಬಂಧ ಬರುತ್ತದೆ: ಶಹಾಪುರ, ಸುರಪುರ ಹೀಗೆ ತಾಲ್ಲೂಕುವಾರು ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು ಅಂತ. ಭಾಷಣದಲ್ಲಿ ಮಾತು ತೇಲಿಸಬಹುದು, ಈ ಪಟ್ಟಿಯಲ್ಲಿ ಆಗೋದಿಲ್ಲ.

ಇಲಾಖೆಯ ಹಣದ ಲೆಕ್ಕ ತಪಾಸಣೆ ಮಾಡೋದು ಸಿಎಜಿ (ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರು). ಆ ವರದಿ ಸದನಕ್ಕೆ ಬಂದ ಮೇಲೆ ಶಾಸಕರ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಲಾಖೆಯ ಅಧಿಕಾರಿಗಳನ್ನು ಕರೆಸಿ ವಿಚಾರಿಸುತ್ತದೆ.

ಯಾವ ಆಸ್ಪತ್ರೆ ಯಾವ ಸಚಿವರದ್ದು ಅನ್ನೋದರಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ತಾರೆ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಇರೋದು ವೈದ್ಯಕೀಯ ಶಿಕ್ಷಣ ಇಲಾಖೆ ಅಡಿ. ಅವುಗಳ ಪ್ರಶ್ನೆ ಆ ಸಚಿವರಿಗೇ ಹೋಗಬೇಕು. ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆಯಂಥವು ಆರೋಗ್ಯ ಸಚಿವರದ್ದು.

ಶಾಸಕರು ಕೇಳದಿದ್ದರೆ ಸುಮ್ನೆ ಕೂರಬೇಡಿ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು ಅನ್ನೋ ಇದೇ ಮೂರು ಪ್ರಶ್ನೆ ಇಟ್ಟು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಲೇಬೇಕು.