ಕೋವೆಂಟ್ರಿಗೆ ಅಪ್ಪ ಅಮ್ಮನನ್ನು ಕರೆಸಲಿರುವ ತಂಗಿಗೆ

ನೀನು ಕೇಳಿದ್ದು ಇಷ್ಟು. ಕೆಲಸದ ವೀಸಾದಲ್ಲಿ ಇಂಗ್ಲೆಂಡಿನ ಈ ಕೋವೆಂಟ್ರಿಗೆ ಬಂದು ಸ್ವಲ್ಪ ದಿನವಾಗಿದೆ. ಹಾಸನದಲ್ಲಿರುವ ಅಪ್ಪ ಅಮ್ಮನನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಳ್ಳುವ ಆಸೆ. ಅಪ್ಪನಿಗೆ 72 ವರ್ಷ, ಸಕ್ಕರೆ ಕಾಯಿಲೆ ಇದೆ. ಕೋವಿಡ್ ಥರದ್ದು ಇನ್ನೊಂದು ಬಂದು ಬಾಗಿಲು ಹಾಕಿ ಕೂರಬೇಕಾಗಿ ಬಂದರೆ ಇಲ್ಲಿ ವಯಸ್ಸಾದವರ ಗತಿ ಏನಕ್ಕಾ, ಆಗ ನೀವೆಲ್ಲ ಹೇಗೆ ನಿಭಾಯಿಸಿದಿರಿ ಅಂತ.

ಕರೆಸು. ಹೆದರಬೇಡ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಅವರು ಇಲ್ಲಿರುವಷ್ಟು ದಿನ ಪ್ರತಿಯೊಂದಕ್ಕೂ ನಿನ್ನನ್ನೇ ಕಾಯುವ ಹಾಗೆ ಇಡಬೇಡ. 2020ರಲ್ಲಿ ನಾನು ಕಂಡಂತೆ ಜಾಸ್ತಿ ಕಷ್ಟಪಟ್ಟವರು ಒಂಟಿಯಾಗಿದ್ದ ಮುದುಕರಲ್ಲ. ತುಂಬಿದ ಮನೆಯಲ್ಲಿದ್ದೂ ಮಗನೋ ಸೊಸೆಯೋ ಇಲ್ಲದೆ ಒಂದು ಫೋನ್ ಕೂಡ ಮಾಡಲಾಗದ ನಮ್ಮ ಕಡೆಯ ಹಿರಿಯರು.

ನಾನು ಕೆಲಸ ಮಾಡುವುದು ಇಲ್ಲಿನ ಒಂದು ಔಷಧಿ ಅಂಗಡಿಯಲ್ಲಿ. ಕೋವಿಡ್ ಕಾಲದಲ್ಲೂ ನಮ್ಮ ಅಂಗಡಿ ತೆರೆದೇ ಇತ್ತು. ಹೊರಗೆ ಬರಲಾಗದವರಿಗೆ ಮಾತ್ರೆಯ ಚೀಲ ಮನೆಗೇ ಹೋಗುತ್ತಿತ್ತು. ಹೊಸ್ತಿಲ ಮೇಲೆ ಇಟ್ಟು, ಬೆಲ್ ಒತ್ತಿ, ಹಿಂದೆ ಸರಿದು ನಿಲ್ಲಬೇಕು. ಅವರು ಬಾಗಿಲು ತೆಗೆದು ಚೀಲ ಎತ್ತಿಕೊಳ್ಳುವವರೆಗೆ ಹೋಗುವ ಹಾಗಿಲ್ಲ. ಎಷ್ಟೋ ಜನರಿಗೆ ಆ ದಿನ ಎದುರಿಗೆ ಕಂಡ ಮನುಷ್ಯರು ಅಂದರೆ ನಾವಷ್ಟೇ. ಹಾಗಾಗಿ ಯಾರು ಹೇಗಿದ್ದಾರೆ ಅನ್ನುವುದು ನಮಗೆ ಬೇಗ ಗೊತ್ತಾಗುತ್ತಿತ್ತು.

ಆಗಿನ ನಿಯಮ ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ. 2020ರ ಮಾರ್ಚ್ 16ರಂದು ಪ್ರಧಾನಿ ಬೋರಿಸ್ ಜಾನ್ಸನ್, ಅಗತ್ಯವಿಲ್ಲದೆ ಯಾರನ್ನೂ ಭೇಟಿಯಾಗಬೇಡಿ, 70 ದಾಟಿದವರು ಇನ್ನೂ ಜಾಸ್ತಿ ಎಚ್ಚರದಿಂದಿರಿ ಅಂದರು. 23ಕ್ಕೆ ಪೂರ್ತಿ ಲಾಕ್‌ಡೌನ್ ಆಯಿತು. ಕೆಲವು ಬಗೆಯ ಕ್ಯಾನ್ಸರ್ ಇದ್ದವರು, ಅಂಗ ಕಸಿ ಮಾಡಿಸಿಕೊಂಡವರು, ಶ್ವಾಸಕೋಶದ ತೀವ್ರ ತೊಂದರೆ ಇದ್ದವರು, ಇಂಥವರಿಗೆ ಎನ್‌ಎಚ್‌ಎಸ್‌ನಿಂದ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಿಂದ, ಕಾಗದ ಬಂತು. ಹನ್ನೆರಡು ವಾರ ಮನೆ ಬಿಟ್ಟು ಕದಲಬೇಡಿ ಅಂತ. ಶೀಲ್ಡಿಂಗ್ ಅಂದರೆ ಇದೇ. ಮೊದಲು ಸುಮಾರು 15 ಲಕ್ಷ ಜನರ ಪಟ್ಟಿ, ಆಮೇಲೆ ಇಂಗ್ಲೆಂಡ್ ಒಂದರಲ್ಲೇ 22 ಲಕ್ಷ. ಪಟ್ಟಿಯಲ್ಲಿದ್ದವರಿಗೆ ಸರ್ಕಾರದಿಂದ ಬಿಟ್ಟಿಯಾಗಿ ದಿನಸಿಯ ಪೆಟ್ಟಿಗೆ ಬರುತ್ತಿತ್ತು. ಸೂಪರ್‌ಮಾರ್ಕೆಟ್‌ಗಳು ಮನೆಗೆ ಸಾಮಾನು ಕಳಿಸುವಾಗ ಅವರಿಗೇ ಮೊದಲ ಸರದಿ.

ನಿಮ್ಮಪ್ಪ ಆಗ ಇಲ್ಲಿದ್ದಿದ್ದರೆ? ವಯಸ್ಸು 70ರ ಮೇಲೆ, ಮಾಮೂಲಿ ಸಕ್ಕರೆ ಕಾಯಿಲೆ. ಆ ಪಟ್ಟಿಗೆ ಸೇರುತ್ತಿರಲಿಲ್ಲ. ಎಚ್ಚರ ಅಂತ ಹೇಳಿಸಿಕೊಂಡ ಎರಡನೇ ಗುಂಪು ಅವರದು. ಕಾಗದವಿಲ್ಲ, ಪೆಟ್ಟಿಗೆಯಿಲ್ಲ, ಸರದಿಯಿಲ್ಲ. ಈ ಗುಂಪಿನವರೇ ಜಾಸ್ತಿ ಗಾಬರಿಯಾದರು. ಹೊರಗೆ ಹೋಗಬಹುದೋ ಬೇಡವೋ ಅಂತ ದಿನಾ ನಮ್ಮ ಅಂಗಡಿಗೆ ಫೋನ್ ಮಾಡಿ ಕೇಳುತ್ತಿದ್ದರು. ಇವರ ಕೈಹಿಡಿದಿದ್ದು ಅಕ್ಕಪಕ್ಕದವರೇ. ಬೀದಿಬೀದಿಯಲ್ಲಿ ಜನ ತಾವಾಗಿಯೇ ವಾಟ್ಸಾಪ್ ಗುಂಪು ಮಾಡಿಕೊಂಡರು. ತಮ್ಮ ಹೆಸರು, ಫೋನ್ ನಂಬರ್ ಬರೆದ ಚೀಟಿ ಬಾಗಿಲ ಕಿಂಡಿಯಲ್ಲಿ ಹಾಕಿ ಹೋಗುತ್ತಿದ್ದರು. ಎನ್‌ಎಚ್‌ಎಸ್‌ಗೆ ನೆರವಾಗಲು ಎರಡೂವರೆ ಲಕ್ಷ ಸ್ವಯಂಸೇವಕರು ಬೇಕು ಅಂತ ಸರ್ಕಾರ ಕೇಳಿದರೆ ಕೆಲವೇ ದಿನಗಳಲ್ಲಿ ಏಳೂವರೆ ಲಕ್ಷ ಜನ ಹೆಸರು ಕೊಟ್ಟರು. ದೇಶದ ಎಷ್ಟೋ ಗುರುದ್ವಾರಗಳಿಂದ ಬಿಸಿ ಊಟ ಹೋಗುತ್ತಿತ್ತು, ಯಾವ ಜಾತಿ ಯಾವ ದೇಶ ಅಂತ ಕೇಳದೆ. ಇಲ್ಲಿನ ಜನ ಅಕ್ಕಪಕ್ಕದವರ ಮುಖ ನೋಡುವುದಿಲ್ಲ ಅಂತ ಊರಲ್ಲಿ ಹೇಳುತ್ತಾರಲ್ಲ, ಆ ಮಾತನ್ನು ನಾನು ಅವತ್ತಿನಿಂದ ಒಪ್ಪುವುದಿಲ್ಲ.

ಆದರೆ ಆ ಚೀಟಿ ಓದಿ, ಆ ನಂಬರಿಗೆ ಫೋನ್ ಮಾಡಿ, ಅರ್ಧ ಲೀಟರ್ ಹಾಲು ಬೇಕು ಅಂತ ಕೇಳುವ ಧೈರ್ಯ ಇರಬೇಕಲ್ಲ. ನಮ್ಮವರಿಗೆ ಇಲ್ಲದಿದ್ದುದು ಅದು.

ನಮ್ಮ ಅಂಗಡಿಗೆ ಸೇರಿದ ಬೀದಿಯಲ್ಲಿ ಎಂಬತ್ತು ದಾಟಿದ ಇಂಗ್ಲಿಷ್ ಹೆಂಗಸೊಬ್ಬರು ಒಬ್ಬರೇ ಇದ್ದರು. ಗಂಡ ಹೋಗಿ ತುಂಬಾ ವರ್ಷ ಆಗಿತ್ತು. ಮಕ್ಕಳು ದೂರ. ಆದರೆ ಅವರಿಗೆ ತಮ್ಮ ಮಾತ್ರೆಗಳ ಹೆಸರು ಬಾಯಿಗೆ ಬರುತ್ತಿತ್ತು. ಹಾಲಿನವನು ಗೊತ್ತು, ಎದುರು ಮನೆಯ ಹುಡುಗ ಗೊತ್ತು, ಡಾಕ್ಟರ ಸ್ವಾಗತ ಮೇಜಿನವಳು ಹೆಸರಿನಿಂದ ಗೊತ್ತು. ಅವರಿಗೂ ಬೇಸರ ಇತ್ತು, ಅತ್ತಿದ್ದೂ ಉಂಟು. ಆದರೂ ದಿನ ನಡೆಯಿತು.

ಅದೇ ಬೀದಿಯ ಕೊನೆಯಲ್ಲಿ ಮೈಸೂರು ಕಡೆಯ ಒಬ್ಬ ಅಜ್ಜಿ ಇದ್ದರು. ಮಗ ಸೊಸೆ ಇಬ್ಬರಿಗೂ ಆಸ್ಪತ್ರೆಯಲ್ಲಿ ಕೆಲಸ. ಅಜ್ಜಿಗೆ ಶೀಲ್ಡಿಂಗ್ ಕಾಗದ ಬಂದಿತ್ತು. ಅದರಲ್ಲಿ ಒಂದೇ ಮನೆಯವರಿಂದಲೂ ಎರಡು ಮೀಟರ್ ದೂರ ಇರಿ, ಬೇರೆ ಟವೆಲ್ ಇಟ್ಟುಕೊಳ್ಳಿ, ಸಾಧ್ಯವಾದರೆ ಬೇರೆ ಬಚ್ಚಲು ಬಳಸಿ ಅಂತ ಇತ್ತು. ಇಲ್ಲಿನ ಮೂರು ಕೋಣೆಯ ಮನೆಯಲ್ಲಿ ಎರಡು ಬಚ್ಚಲು ಎಲ್ಲಿಂದ ಬರಬೇಕು? ಮಗ ಸೊಸೆ ಆಸ್ಪತ್ರೆಯಿಂದ ಸೋಂಕು ತರಬಹುದು ಅನ್ನುವ ಭಯ ಬೇರೆ. ಅಜ್ಜಿ ಮಹಡಿಯ ಕೋಣೆಯಲ್ಲೇ ಉಳಿದರು. ತಟ್ಟೆ ಬಾಗಿಲ ಹೊರಗೆ ಇಡುವುದು, ಅವರು ಎತ್ತಿಕೊಳ್ಳುವುದು. ಮೊಮ್ಮಗು ಮೆಟ್ಟಿಲ ಕೆಳಗಿನಿಂದ ಕೂಗಿದರೆ ಮೇಲಿನಿಂದ ಮಾತು. ಸರ್ಕಾರದ ಪೆಟ್ಟಿಗೆಯಲ್ಲಿ ಪಾಸ್ತಾ, ಡಬ್ಬಿಯ ಸೂಪು ಬರುತ್ತಿತ್ತು. ಅದು ಅವರಿಗೆ ಸೇರುತ್ತಿರಲಿಲ್ಲ. ಮಗ ಸೊಸೆ ಎಷ್ಟು ಒಳ್ಳೆಯವರಿದ್ದರು ಅಂದರೆ ಹೇಳಲಾಗದು. ಆದರೆ ಇಬ್ಬರೂ ಡ್ಯೂಟಿಯಲ್ಲಿದ್ದಾಗ ಆ ಅಜ್ಜಿ ಯಾರನ್ನು ಕೇಳಬೇಕು? ಅವರ ಫೋನಿನಲ್ಲಿ ಇದ್ದ ಇಲ್ಲಿನ ನಂಬರ್ ಅಂದರೆ ಆ ಇಬ್ಬರದೇ. ಒಂದು ದಿನ ನಾನು ಮಾತ್ರೆ ಕೊಡಲು ಹೋಗಿ ಕೆಳಗಿನಿಂದ ಕನ್ನಡದಲ್ಲಿ ಮಾತಾಡಿಸಿದೆ. ಕಿಟಕಿಯ ಹತ್ತಿರ ಬಂದು, ಬಿಡದೆ ಮಾತಾಡಿದರು. ನಮ್ಮೂರು ಯಾವುದು, ಯಾರ ಪೈಕಿ, ಮದುವೆ ಎಲ್ಲಾಯಿತು, ಎಲ್ಲ ಕೇಳಿದರು. ಆಮೇಲೆ ನನ್ನ ನಂಬರ್ ಬರೆದುಕೊಂಡರು. ಆ ಒಂದು ನಂಬರಿನಿಂದ ಅವರಿಗೆ ಎಷ್ಟು ಧೈರ್ಯ ಬಂತು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಫೋನಿನ ಬಗ್ಗೆ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ. ದಿನಕ್ಕೆ ಮೂರು ಸಲ ಫೋನ್ ಮಾಡಿ "ಹೇಗಿದ್ದೀರಾ, ಊಟ ಆಯ್ತಾ, ಹೊರಗೆ ಹೋಗಬೇಡಿ" ಅಂದರೆ ಹಿರಿಯರಿಗೆ ನೆಮ್ಮದಿ ಸಿಗುವುದಿಲ್ಲ. ಕಾಯಿಲೆಯ ನೆನಪು ಜಾಸ್ತಿ ಆಗುತ್ತದೆ ಅಷ್ಟೇ. ಅವರಿಗೆ ಏನಾದರೂ ಕೆಲಸ ಬೇಕು. ಒಬ್ಬ ತಾತ ದಿನಾ ಸಂಜೆ ಐದಕ್ಕೆ ಲೀಡ್ಸ್‌ನಲ್ಲಿದ್ದ ಮೊಮ್ಮಗನಿಗೆ ಫೋನಿನಲ್ಲಿ ಕನ್ನಡ ಮಗ್ಗಿ ಹೇಳಿಕೊಡುತ್ತಿದ್ದರು. ಐದಾಗುವುದನ್ನೇ ಕಾಯುತ್ತಿದ್ದರು. ಒಬ್ಬಾಕೆ ಉಪ್ಪಿನಕಾಯಿ, ಚಟ್ನಿಪುಡಿಯ ಅಳತೆ ಹೇಳಿ ಹೇಳಿ ಇಲ್ಲಿನ ಕನ್ನಡದ ಹುಡುಗಿಯರಿಗೆಲ್ಲ ಅಡುಗೆ ಕಲಿಸಿದರು. ಜೂಮ್‌ನಲ್ಲಿ ಭಜನೆ, ವಚನ ಗಾಯನವೂ ನಡೆಯಿತು. ಹಾಡುವವರಿಗೆ ಅದು ಚೆನ್ನಾಗಿತ್ತು. ಸುಮ್ನೆ ನೋಡುತ್ತ ಕೂತವರು ಬೇಗ ಬಿಟ್ಟರು.

ಇನ್ನೊಂದು ವಿಷಯ, ಕಾಲಿನ ಶಕ್ತಿ. ಯಾರೂ ಇದನ್ನು ಮೊದಲೇ ಎಣಿಸಿರಲಿಲ್ಲ. ದಿನಕ್ಕೊಂದು ಸಲ ವ್ಯಾಯಾಮಕ್ಕೆ ಹೊರಗೆ ಹೋಗಬಹುದು ಅಂತ ಬೇರೆಯವರಿಗೆ ಅವಕಾಶ ಇತ್ತು. ಶೀಲ್ಡಿಂಗ್‌ನವರಿಗೆ ಮೊದಲ ಎರಡು ತಿಂಗಳು ಅದೂ ಇಲ್ಲ. ಮಾರ್ಚ್‌ನಲ್ಲಿ ನಡೆದುಕೊಂಡು ಅಂಗಡಿಗೆ ಬರುತ್ತಿದ್ದವರು ಆಗಸ್ಟ್ 1ಕ್ಕೆ ಶೀಲ್ಡಿಂಗ್ ನಿಂತ ಮೇಲೆ ಕೋಲು ಹಿಡಿದು ಬಂದರು. ಮನೆಯೊಳಗೆ ಎದ್ದು ಕೂತು, ಮೆಟ್ಟಿಲು ಹತ್ತಿ ಇಳಿದು ಮಾಡಿದವರು ಗಟ್ಟಿಯಾಗಿದ್ದರು. ಆಮೇಲೆ ಚಳಿಗಾಲ ಬಂತು. ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ನಮ್ಮ ಮೈಬಣ್ಣದವರಿಗೆ ಈ ದೇಶದ ಬಿಸಿಲು ಮೊದಲೇ ಸಾಲದು. ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಿ ಅಂತ ಸರ್ಕಾರವೇ ಹೇಳುತ್ತದೆ. ಕೋವಿಡ್ ಇರಲಿ ಬಿಡಲಿ, ನಿಮ್ಮಪ್ಪ ಅಮ್ಮ ಬಂದರೆ ಅದನ್ನು ತಂದಿಡು.

ಆರು ತಿಂಗಳಿಗೆ ಅಂತ ಬಂದು ಸಿಕ್ಕಿಹಾಕಿಕೊಂಡವರ ಪಾಡು ನೀನು ತಿಳಿದಿರಲೇಬೇಕು. 2020ರ ಮಾರ್ಚ್ ಕೊನೆಗೆ ಭಾರತಕ್ಕೆ ವಿಮಾನ ನಿಂತವು. ಸಿಕ್ಕಿಬಿದ್ದವರನ್ನು ಕರೆತರಲು ಭಾರತ ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನ ಶುರುವಾಗಿದ್ದು ಮೇ 7ಕ್ಕೆ. ವೀಸಾ ಅವಧಿಯನ್ನು ಇಲ್ಲಿನ ಸರ್ಕಾರ ಮೊದಲು ಮೇ 31ಕ್ಕೆ, ಆಮೇಲೆ ಜುಲೈ 31ಕ್ಕೆ ಮುಂದೂಡಿತು. ಆ ಚಿಂತೆ ಅಲ್ಲಿಗೆ ಮುಗಿಯಿತು. ಮುಗಿಯದೆ ಉಳಿದಿದ್ದು ಮಾತ್ರೆಯ ಚಿಂತೆ. ಊರಿಂದ ತಂದ ಮಾತ್ರೆ ಖಾಲಿ. ಊರಿನ ಡಾಕ್ಟರ ಚೀಟಿ ನೋಡಿ ನಾವು ಮಾತ್ರೆ ಕೊಡುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ. ಹೆಸರೂ ಬೇರೆ. ಊರಲ್ಲಿ ಗ್ಲೈಕೋಮೆಟ್ ಅಂದರೆ ಇಲ್ಲಿ ಮೆಟ್‌ಫಾರ್ಮಿನ್ ಅಂತಲೇ ಕೊಡುತ್ತಾರೆ. ಟೆಲ್ಮಾ ಅಂದರೆ ಟೆಲ್ಮಿಸಾರ್ಟನ್. ಎರಡು ಮೂರು ಔಷಧಿ ಸೇರಿಸಿ ಮಾಡಿದ ಒಂದೇ ಮಾತ್ರೆ ಊರಲ್ಲಿ ಮಾಮೂಲಿ. ಇಲ್ಲಿ ಅಂಥ ಹಲವು ಸಿಗುವುದೇ ಇಲ್ಲ. ಬೆಳ್ಳಿ ಬಣ್ಣದ ಖಾಲಿ ಪಟ್ಟಿ ಹಿಡಿದು, "ಇದೇ ಬೇಕು" ಅಂತ ಬಾಗಿಲಲ್ಲಿ ನಿಂತವರನ್ನು ನೋಡಿ ನನಗೆ ಸಂಕಟವಾಗಿದೆ.

ಅದಕ್ಕೇ ಅವರು ಬಂದ ವಾರವೇ ನಿನ್ನ ಜಿಪಿ, ಅಂದರೆ ನಿನ್ನ ಬಡಾವಣೆಯ ಮಾಮೂಲಿ ಡಾಕ್ಟರ, ಹತ್ತಿರ ತಾತ್ಕಾಲಿಕವಾಗಿ ಹೆಸರು ಬರೆಸಲು ನೋಡು. ಮೂರು ತಿಂಗಳವರೆಗೆ ಹಾಗೆ ಸೇರಬಹುದು. ಜಿಪಿಯನ್ನು ಕಾಣಲು ದುಡ್ಡಿಲ್ಲ. ದುಭಾಷಿ ಬೇಕು ಅಂತ ಕೇಳಬಹುದು, ಅದಕ್ಕೂ ದುಡ್ಡಿಲ್ಲ. ಕೋವಿಡ್ ಪರೀಕ್ಷೆ, ಚಿಕಿತ್ಸೆ ಪ್ರವಾಸಿಗಳಿಗೂ ಉಚಿತವಾಗಿತ್ತು. ಆದರೆ ಬೇರೆ ಕಾಯಿಲೆಗೆ ಆಸ್ಪತ್ರೆಗೆ ಸೇರಿದರೆ ಪ್ರವಾಸಿಗಳಿಗೆ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ ಹಾಕುತ್ತಾರೆ. ವಿಮೆ ಮಾಡಿಸದೆ ಕರೆಸಬೇಡ. ಮೊದಲೇ ಇದ್ದ ಸಕ್ಕರೆ ಕಾಯಿಲೆಗೂ ಅನ್ವಯಿಸುತ್ತದಾ, ಅವಧಿ ಮುಂದುವರಿಸಬಹುದಾ ಅಂತ ಓದಿ ನೋಡು. ಇನ್ನು ಅವರನ್ನು ಇಲ್ಲೇ ಪೂರ್ತಿ ಇಟ್ಟುಕೊಳ್ಳುವ ಯೋಚನೆ ಇದ್ದರೆ, ಕೆಲವು ಬಗೆಯ ಕೆಲಸದ ವೀಸಾದಲ್ಲಿ ಗಂಡ, ಮಕ್ಕಳು ಬರಬಹುದು, ಅಪ್ಪ ಅಮ್ಮ ಬರುವ ಹಾಗಿಲ್ಲ. 2012ರ ನಂತರ ಆ ದಾರಿ ತುಂಬಾ ಕಿರಿದಾಗಿದೆ. ಈ ನಿಯಮ ನನಗೆ ಅನ್ಯಾಯ ಅನ್ನಿಸುತ್ತದೆ.

ಕರೆಸದೇ ಇದ್ದರೆ ಚಿಂತೆ ತಪ್ಪುತ್ತದೆ ಅಂತಲೂ ಅಂದುಕೊಳ್ಳಬೇಡ. 2021ರ ಏಪ್ರಿಲ್ 23ಕ್ಕೆ ಭಾರತವನ್ನು ಇಲ್ಲಿನ ಪ್ರಯಾಣ ನಿರ್ಬಂಧದ ಕೆಂಪು ಪಟ್ಟಿಗೆ ಸೇರಿಸಿದರು. ಬೆಂಗಳೂರಿನಲ್ಲಿ ಹಾಸಿಗೆಗೆ, ಆಮ್ಲಜನಕಕ್ಕೆ ಪರದಾಡುತ್ತಿದ್ದ ದಿನಗಳು ಅವು. ಹೋದರೆ ವಾಪಸು ಬಂದಾಗ ಹತ್ತು ದಿನ ಹೋಟೆಲ್‌ನಲ್ಲಿ ಕೂರಬೇಕು, ಒಬ್ಬರಿಗೆ 1,750 ಪೌಂಡ್. ಆಗಸ್ಟ್‌ವರೆಗೂ ಹಾಗೇ ಇತ್ತು. ಅಪ್ಪನ ಅಂತ್ಯಕ್ರಿಯೆಯನ್ನು ಫೋನಿನ ಪರದೆಯಲ್ಲಿ ನೋಡಿದವರು ನಮ್ಮ ಪೈಕಿಯೇ ಇದ್ದಾರೆ. ಅಲ್ಲೂ ಉಳಿಸಿದ್ದು ಅಕ್ಕಪಕ್ಕದವರೇ. ಹಾಸನದಲ್ಲಿ ನಿಮ್ಮ ಮನೆಯ ಎರಡು ಕಡೆಯವರ ನಂಬರ್ ನಿನ್ನ ಹತ್ತಿರ ಇದೆಯಾ? ಇಲ್ಲದಿದ್ದರೆ ಇವತ್ತೇ ತಗೋ.

ಇಲ್ಲಿಗೆ ಬಂದ ಮೇಲೆ ಮೊದಲ ವಾರ ಅವರನ್ನು ಊರು ತೋರಿಸಲು ಕರೆದುಕೊಂಡು ಹೋಗುತ್ತೀಯಲ್ಲ, ಅದಕ್ಕೂ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟು. ಇವರು ನಮ್ಮಪ್ಪ, ಇವರು ನಮ್ಮಮ್ಮ ಅಂತ ಹೇಳು. ಕೈಯಲ್ಲಿ ಒಂದು ಡಬ್ಬಿ ಕೋಡುಬಳೆ ಇದ್ದರೆ ಇನ್ನೂ ಒಳ್ಳೆಯದು. ಅಪ್ಪನಿಗೆ ನಿನ್ನ ವಿಳಾಸ, ಪೋಸ್ಟ್‌ಕೋಡ್ ಬಾಯಿಪಾಠ ಮಾಡಿಸು. ಜೀವಕ್ಕೆ ಅಪಾಯ ಅಂದರೆ 999, ಸಲಹೆ ಬೇಕಾದರೆ 111. "ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್" ಅನ್ನುವ ಮೂರು ಮಾತು ಅಮ್ಮನಿಗೂ ಬರಲಿ. ಔಷಧಿ ಅಂಗಡಿಗೆ, ಲೈಬ್ರರಿಗೆ ಒಂದೆರಡು ಸಲ ಜೊತೆಗೆ ಹೋಗು, ಆಮೇಲೆ ಅವರನ್ನೇ ಕಳಿಸು. ದಾರಿ ತಪ್ಪಿದರೆ ಕೇಳಿಕೊಂಡು ಬರುತ್ತಾರೆ. ಹಾಸನದಲ್ಲಿ ಜೀವಮಾನವೆಲ್ಲ ಮನೆ ನಡೆಸಿದವರು ಅವರು, ಇಲ್ಲಿ ಬಂದ ಮಾತ್ರಕ್ಕೆ ಮಕ್ಕಳಾಗಿಬಿಡುವುದಿಲ್ಲ, ಅಲ್ವಾ?

ನಿನಗೆ ಗೊತ್ತೋ ಇಲ್ಲವೋ, ಪ್ರಯೋಗದ ಹೊರಗೆ ಪ್ರಪಂಚದಲ್ಲೇ ಮೊದಲ ಫೈಜರ್ ಲಸಿಕೆ ಹಾಕಿದ್ದು ನಮ್ಮ ಈ ಕೋವೆಂಟ್ರಿಯಲ್ಲೇ. 2020ರ ಡಿಸೆಂಬರ್ 8ರಂದು, 90 ವರ್ಷದ ಮಾರ್ಗರೆಟ್ ಕೀನನ್ ಅವರಿಗೆ. ಫೆಬ್ರವರಿ ಮಧ್ಯದ ಹೊತ್ತಿಗೆ 70 ದಾಟಿದವರಿಗೆಲ್ಲ ಲಸಿಕೆಗೆ ಕರೆ ಹೋಗಿತ್ತು. ಸಾಲಿನಲ್ಲಿ ನಿಂತ ನಮ್ಮ ಹಿರಿಯರು ರೇಷ್ಮೆ ಸೀರೆ ಉಟ್ಟು, ಮೇಲೆ ದಪ್ಪ ಕೋಟು ಹಾಕಿ ಬಂದಿದ್ದರು. ತಿಂಗಳುಗಟ್ಟಲೆ ಆದ ಮೇಲೆ ಹೊರಗೆ ಹೊರಟಿದ್ದರಲ್ಲ.

ಟಿಕೆಟ್ ಏಪ್ರಿಲ್ ಕಡೆಗೆ ತೆಗಿ, ನವೆಂಬರ್ ಬೇಡ. ಬೆಳಕು ಇರುವ ತಿಂಗಳುಗಳಲ್ಲಿ ಪರಿಚಯ ಬೇಗ ಬೆಳೆಯುತ್ತದೆ. ಹೊರಡುವ ಮುಂಚೆ ಅಪ್ಪನ ಮಾತ್ರೆಗಳ ಪಟ್ಟಿ, ಮಿಲಿಗ್ರಾಂ ಸಮೇತ, ಫೋಟೋ ತೆಗೆದು ನನಗೆ ಕಳಿಸು. ಇಲ್ಲಿನ ಹೆಸರುಗಳನ್ನು ಪಕ್ಕದಲ್ಲಿ ಬರೆದುಕೊಡುತ್ತೇನೆ. ಯಾವುದು ಇಲ್ಲಿ ಸಿಗುವುದಿಲ್ಲವೋ ಅದರ ಬಗ್ಗೆ ಹಾಸನದ ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಂಡು ಬರಬಹುದು.