ಪಾರ್ಕಿನ್ಸನ್ ಗುಳಿಗೆಯ ಪ್ರಭಾವ ಇಳಿದ ಕೂಡಲೇ ಅಪ್ಪನ ಹೆಗಲು ನೋವು ಜಾಸ್ತಿಯಾಗುತ್ತದೆ. ಡೋಪಮೈನ್‌ಗೂ ನೋವಿಗೂ ಸಂಬಂಧ ಇದೆಯಾ?

ಇದೆ, ನೇರವಾಗಿಯೇ ಇದೆ. ನೋವಿನ ಗುಳಿಗೆಗೂ ಬಗ್ಗುತ್ತಿಲ್ಲ, ಮನೆಯವರು ಭ್ರಮೆ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ಹಾಗೆ ಅನ್ನಬೇಡಿ ಅಂತ ಅವರಿಗೆ ಹೇಳಿ. ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್. ನಿಮ್ಮ ಹಾವೇರಿ ಕಡೆಯಿಂದ, ಗದಗದಿಂದ ಪಾರ್ಕಿನ್ಸನ್ ಇರುವವರು ಬರುತ್ತಾರೆ, ಅವರಲ್ಲಿ ಎಷ್ಟೋ ಜನರಿಗೆ ನಡುಕಕ್ಕಿಂತ ನೋವೇ ದೊಡ್ಡ ಕಾಟ. ಕೆಲವರಿಗಂತೂ ಕೈ ನಡುಗುವುದಕ್ಕೆ ಬಹಳ ಮುಂಚೆಯೇ ಹೆಗಲು ಹಿಡಿದುಕೊಂಡಿರುತ್ತದೆ, ಫ್ರೋಜನ್ ಶೋಲ್ಡರ್ ಇರಬೇಕು ಅಂತ ಸುಮ್ನೆ ಎಣ್ಣೆ ತಿಕ್ಕುತ್ತಾ ಇರುತ್ತಾರೆ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ರೋಗದ ಬಗ್ಗೆ ಬರೆದಾಗಲೇ ನೋವಿನ ಮಾತು ಬಂದಿತ್ತು.

ಡೋಪಮೈನ್ ಅಂದರೆ ಖುಷಿ ಕೊಡುವ ರಾಸಾಯನಿಕ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ವಾ, ಅದು ಅರ್ಧ ಮಾತು ಮಾತ್ರ. ಮೆದುಳಿನಲ್ಲಿ ಅದಕ್ಕೆ ಬೇರೆ ಬೇರೆ ದಾರಿಗಳಿವೆ. ಡೋಪಮೈನ್ ತಯಾರಾಗುವ ಸಬ್‌ಸ್ಟಾನ್ಶಿಯಾ ನೈಗ್ರಾ ಅನ್ನುವ ಜಾಗದಿಂದ ಮೆದುಳಿನ ಆಳದಲ್ಲಿರುವ ಸ್ಟ್ರಯಾಟಮ್ ಅನ್ನುವ ಭಾಗಕ್ಕೆ ಹೋಗುವ ದಾರಿ ಚಲನೆಯನ್ನು ನೋಡಿಕೊಳ್ಳುತ್ತದೆ, ಪಾರ್ಕಿನ್ಸನ್‌ನಲ್ಲಿ ಮುಖ್ಯವಾಗಿ ಸಾಯುವುದು ಈ ನೈಗ್ರಾದ ಜೀವಕೋಶಗಳೇ. ಆದರೆ ಇದೇ ಸ್ಟ್ರಯಾಟಮ್‌ಗೆ ನೋವಿನ ವಿಚಾರದಲ್ಲೂ ಕೆಲಸ ಇದೆ. ಇನ್ನೊಂದು ದಾರಿ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನುವ ಮೆದುಳಿನ ಇನ್ನೊಂದು ಭಾಗಕ್ಕೆ ಹೋಗುತ್ತದೆ. ನೋವು ನಮ್ಮನ್ನು ಎಷ್ಟು ಕಾಡುತ್ತದೆ, ಕಡಿಮೆಯಾದಾಗ ಎಷ್ಟು ಹಾಯೆನಿಸುತ್ತದೆ ಅನ್ನುವುದರಲ್ಲಿ ಇದರ ಪಾಲಿದೆ. ಇನ್ನು ಹೈಪೊಥಾಲಮಸ್ ಭಾಗದ ಎ11 ಅನ್ನುವ ಡೋಪಮೈನ್ ಜೀವಕೋಶಗಳ ಸಣ್ಣ ಗುಂಪಿನ ಎಳೆಗಳು ಬೆನ್ನುಹುರಿಗೇ ಇಳಿಯುತ್ತವೆ. ಅಲ್ಲಿ ಡೋಪಮೈನ್ ಬಂದು ಅಂಟಿಕೊಳ್ಳುವ ಡಿ2 ಗ್ರಾಹಕಗಳ ಮೂಲಕ, ಹೊಲದ ಕಾಲುವೆಗೆ ಹಲಗೆ ಅಡ್ಡ ಇಟ್ಟು ನೀರು ತಗ್ಗಿಸಿದ ಹಾಗೆ, ಮೇಲಕ್ಕೆ ಹೋಗುವ ನೋವಿನ ಸಂದೇಶವನ್ನು ತಗ್ಗಿಸುತ್ತವೆ.

ಡೋಪಮೈನ್ ಇಳಿದಾಗ ಈ ತಡೆ ಸಡಿಲವಾಗುತ್ತದೆ. ಗುಳಿಗೆಯ ಪ್ರಭಾವ ಇಲ್ಲದ ಹೊತ್ತಿನಲ್ಲಿ ಪಾರ್ಕಿನ್ಸನ್ ಇರುವವರಿಗೆ ನೋವು ಬೇಗ ತಟ್ಟುತ್ತದೆ, ಲೆವೊಡೋಪಾ (ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಪಾರ್ಕಿನ್ಸನ್ ಔಷಧಿ) ಕೊಟ್ಟ ಮೇಲೆ ತಡೆದುಕೊಳ್ಳುವ ಶಕ್ತಿ ಏರುತ್ತದೆ ಅಂತ ಅಧ್ಯಯನಗಳಲ್ಲೂ ಕಂಡಿದೆ. ಜೊತೆಗೆ ಸ್ನಾಯು ಬಿಗಿಯುವುದರಿಂದ ಬರುವ ನೋವು ಬೇರೆ. ಬೆಳಿಗ್ಗೆ ಮೊದಲ ಗುಳಿಗೆಗೆ ಮುಂಚೆ ಕಾಲ್ಬೆರಳು ಮುದುಡಿ ನೋಯುತ್ತವಾ ಅಂತ ಅಪ್ಪನನ್ನು ಕೇಳಿ ನೋಡಿ.

ಈಗ ಮಾಡಬೇಕಾದ್ದು. ಗುಳಿಗೆ ನುಂಗಿದ ಹೊತ್ತು, ಊಟದ ಹೊತ್ತು, ನೋವು ಏರಿದ ಹೊತ್ತು, ಇಷ್ಟನ್ನು ಒಂದು ವಾರ ಬರೆದಿಡಿ. ನರರೋಗ ವೈದ್ಯರಿಗೆ ಆ ಹಾಳೆ ತೋರಿಸಿ, ಅದನ್ನು ನೋಡಿದರೆ ಗುಳಿಗೆಯ ಹೊತ್ತು ಬದಲಿಸಬೇಕಾ, ಪ್ರಮಾಣ ಬದಲಿಸಬೇಕಾ ಅಂತ ಅವರಿಗೆ ಗೊತ್ತಾಗುತ್ತದೆ. ಗುಳಿಗೆ ನುಂಗಿದ ಕೂಡಲೇ ರೊಟ್ಟಿ, ಕಾಳು ಪಲ್ಯ, ಮೊಸರು ಅಂತ ಊಟಕ್ಕೆ ಕೂತರೆ ಪ್ರೋಟೀನ್ ಅಡ್ಡ ಬಂದು ಲೆವೊಡೋಪಾ ಸರಿಯಾಗಿ ಹತ್ತುವುದಿಲ್ಲ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಲು ಹೇಳುತ್ತಾರೆ. ಹೆಗಲಿನ ವ್ಯಾಯಾಮವನ್ನೂ ಗುಳಿಗೆ ಹತ್ತಿರುವ ಹೊತ್ತಿಗೇ ಮಾಡಿಸಿ, ಆಗ ಕೈ ಚೆನ್ನಾಗಿ ಏಳುತ್ತದೆ. ಎಲ್ಲ ಹೆಗಲು ನೋವೂ ಡೋಪಮೈನ್‌ನಿಂದಲೇ ಬರುವುದಿಲ್ಲ, ಕೀಲನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ಗುಳಿಗೆಯನ್ನು ನೀವಾಗಿಯೇ ಹೆಚ್ಚಿಸಬೇಡಿ, ಏಕಾಏಕಿ ನಿಲ್ಲಿಸಲೂ ಬೇಡಿ. ಯಾರೋ ಹೇಳಿದರು ಅಂತ ನಸುಗುನ್ನಿ ಬೀಜದ ಪುಡಿಯನ್ನು ಜೊತೆಗೆ ಕೊಡುವುದೂ ಬೇಡ. ಅದರಲ್ಲಿ ಇರುವುದೂ ಲೆವೊಡೋಪಾನೇ, ಎರಡೂ ಸೇರಿದರೆ ಪ್ರಮಾಣ ಮೀರುತ್ತದೆ. ಈಗಾಗಲೇ ಕೊಡುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.