ಸರ್ಕಾರಿ ಶಾಲೆಯ ಖರ್ಚಿನಲ್ಲಿ ಪಂಚಾಯಿತಿಯ ಪಾಲೆಷ್ಟು, ಮುಖ್ಯಶಿಕ್ಷಕರ ಪಾಲೆಷ್ಟು?

ಶಿಕ್ಷಕರ ಸಂಬಳ ಇವರಿಬ್ಬರ ಕೈಯಲ್ಲೂ ಇಲ್ಲ, ಅದು ರಾಜ್ಯ ಸರ್ಕಾರದ್ದು. ಎಳೆದಾಟವೆಲ್ಲ ಉಳಿದ ಚಿಲ್ಲರೆ ಹಣದ ಬಗ್ಗೆ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30ರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100 ಇದ್ದರೆ 25,000. ಮೂಡಿಗೆರೆ, ಸಕಲೇಶಪುರದ ಕಡೆ ತೋಟಗಳ ನಡುವಿನ ಪುಟ್ಟ ಶಾಲೆಗಳಿಗೆ ಈ ಲೆಕ್ಕ ನಿಜಕ್ಕೂ ಅನ್ಯಾಯ. ಮಕ್ಕಳು ಕಡಿಮೆ ಎಂದು ಮಳೆ ಕಡಿಮೆ ಸುರಿಯುವುದಿಲ್ಲವಲ್ಲ! ಜೂನ್‌ಗೆ ಮೊದಲು ಒಡೆದ ಹೆಂಚು ಬದಲಿಸಿ, ಗೆದ್ದಲು ಹಿಡಿದ ರೀಪು ತೆಗೆಸುವಷ್ಟರಲ್ಲೇ ಆ ಹತ್ತು ಸಾವಿರ ಕರಗುತ್ತದೆ. ಸೀಮೆಸುಣ್ಣ, ವಿದ್ಯುತ್ ಬಿಲ್‌ಗೆ ಏನು ಉಳಿಯಿತು?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಕಲಿಕೆಗೆ ಸಂಬಂಧಿಸಿದ ಖರ್ಚನ್ನು ಮುಖ್ಯಶಿಕ್ಷಕರು ಮತ್ತು ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತೀರ್ಮಾನಿಸಲಿ, ಕಾಂಪೌಂಡ್, ಶೌಚಾಲಯ, ಕುಡಿಯುವ ನೀರು ಪಂಚಾಯಿತಿಯ ಹೆಗಲಿಗಿರಲಿ. 15ನೇ ಹಣಕಾಸು ಆಯೋಗವು 2021–26ರ ಅವಧಿಯಲ್ಲಿ ಪಂಚಾಯಿತಿಗಳಿಗೆ ಕೊಡುವ ಗ್ರಾಮೀಣ ಅನುದಾನದ ಶೇ. 60ರಷ್ಟನ್ನು ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು.

ಶಾಲೆಗಳು ಸೋಲುವುದು ಸಾಮಾನ್ಯವಾಗಿ ಸಮಯದಲ್ಲಿ. ಪಂಚಾಯಿತಿಯ ಕ್ರಿಯಾಯೋಜನೆ ಮುಗಿದ ಮೇಲೆ ಅರ್ಜಿ ಹಿಡಿದು ಹೋದರೆ ಪ್ರಯೋಜನವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಶಾಲಾಭಿವೃದ್ಧಿ ಯೋಜನೆಯ ಬಗ್ಗೆ ಹೇಳುತ್ತದೆ; ಅನುದಾನಕ್ಕೆ ಅದೇ ಆಧಾರ. ಅದನ್ನು ಮೊದಲೇ ಬರೆದು, ಗ್ರಾಮಸಭೆಯಲ್ಲಿ ಪೋಷಕರೇ ಓದಿ, ನಡಾವಳಿಯಲ್ಲಿ ದಾಖಲಿಸುವಂತೆ ಪಟ್ಟು ಹಿಡಿಯಬೇಕು. ನಡಾವಳಿಯ ಒಂದು ನಕಲು ಶಾಲೆಯ ಕಡತದಲ್ಲೂ ಇರಲಿ.